ಗ್ಯಾಸ್ ತುಂಬಿಸುವ ಮುಂಚೆ: ಬಿಸಿಲುನಾಡಿನ ಹಳೇ ಗಾಡಿಗಳ ಎಸಿ ದೋಷ ಹುಡುಕುವ ಕ್ರಮ

ಯುಗಾದಿ ಸಮೀಪಿಸಿತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಎಸಿ ಅಂಗಡಿಗಳ ಮುಂದೆ ಹಳೇ ಗಾಡಿಗಳು ಸಾಲುಗಟ್ಟುತ್ತವೆ. ಹೆಚ್ಚಿನವರ ಮಾತು ಒಂದೇ: ‘ಕೂಲಿಂಗ್ ಬರವಲ್ದು, ಗ್ಯಾಸ್ ಹಾಕ್ರಿ.’ ಹಾಕಿದ ದಿನ ತಂಪಾಗುತ್ತದೆ, ಮೂರು ವಾರಕ್ಕೆ ಮತ್ತೆ ಅದೇ ಪಾಡು. ಎಸಿ ಗ್ಯಾಸು ಪೆಟ್ರೋಲಿನಂತೆ ಉರಿದು ತೀರುವ ವಸ್ತುವಲ್ಲ, ಮುಚ್ಚಿದ ಪೈಪಿನೊಳಗೇ ಸುತ್ತುತ್ತಿರುತ್ತದೆ. ಹಳೇ ಗಾಡಿಯಲ್ಲಿ ರಬ್ಬರ್ ಪೈಪು, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ಶಾಫ್ಟ್ ಸೀಲುಗಳ ಮೂಲಕ ವರ್ಷಕ್ಕೆ ಅಷ್ಟಿಷ್ಟು ಜಿನುಗುವುದು ಸಹಜ. ಆದರೆ ಒಂದೇ ಬೇಸಿಗೆಯಲ್ಲಿ ಖಾಲಿಯಾಯಿತೆಂದರೆ ಅದು ಸೋರಿಕೆಯೇ. ಇನ್ನು ಗ್ಯಾಸ್ ಸರಿಯಾಗಿದ್ದೂ ತಂಪಾಗದ ಗಾಡಿಗೆ ಇನ್ನಷ್ಟು ತುಂಬಿದರೆ ಕಂಪ್ರೆಸರ್ ಆಯುಸ್ಸು ಕಡಿಮೆಯಾಗುತ್ತದೆ, ಅಷ್ಟೇ. ನಮ್ಮ ಭಾಗದಲ್ಲಿ ಈ ಎರಡನೇ ಬಗೆಯ ಗಾಡಿಗಳೇ ಹೆಚ್ಚು. ಕಾರಣ ಇಲ್ಲಿನ ಧೂಳು.

ಯಾವಾಗ ತಂಪಾಗುವುದಿಲ್ಲ?

ಬಾನೆಟ್ ಎತ್ತುವ ಮೊದಲು ಓಡಿಸುವವರನ್ನು ಈ ಪ್ರಶ್ನೆ ಕೇಳಿ. ಅರ್ಧ ದೋಷ ಅಲ್ಲೇ ಸಿಗುತ್ತದೆ.

ಹೈವೇಯಲ್ಲಿ ತಂಪಿದ್ದು, ಸಿಗ್ನಲ್‌ನಲ್ಲಿ ಅಥವಾ ರೈಲ್ವೆ ಗೇಟಿನಲ್ಲಿ ನಿಂತ ಕೂಡಲೇ ಬಿಸಿ ಗಾಳಿ ಬಂದರೆ ಕಂಡೆನ್ಸರಿಗೆ (ಗ್ರಿಲ್ ಹಿಂದೆ ಕೂತು ಗ್ಯಾಸಿನ ಬಿಸಿ ಹೊರಹಾಕುವ ಜಾಲರಿಗೆ) ಗಾಳಿ ಸಾಲುತ್ತಿಲ್ಲ. ಫ್ಯಾನ್ ಅಥವಾ ಧೂಳು ಎಂದು ತಿಳಿಯಿರಿ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಕೈಕೊಟ್ಟರೂ ಮೊದಲ ಅನುಮಾನ ಅದರ ಮೇಲೆಯೇ. ಅರ್ಧ ಗಂಟೆ ತಂಪಾಗಿ, ಆಮೇಲೆ ಗಾಳಿಯ ರಭಸವೇ ಇಳಿದುಹೋಗಿ, ಎಸಿ ಆಫ್ ಮಾಡಿ ಬರೀ ಬ್ಲೋವರ್ ಹಾಕಿದ ಹತ್ತು ನಿಮಿಷಕ್ಕೆ ಗಾಳಿ ವಾಪಸ್ ಬಂದರೆ ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ. ಗಾಳಿ ಅಷ್ಟೇ ಇದ್ದು ತಂಪು ಮಾತ್ರ ಬಂದು ಹೋಗುತ್ತಿದ್ದರೆ ಎರಡು ಸಾಧ್ಯತೆ: ಪೈಪಿನೊಳಗಿನ ನೀರಿನಂಶ ಕೂಲಿಂಗ್ ಕಾಯಿಲಿಗೆ ಗ್ಯಾಸ್ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವಿನ ಬಾಯಲ್ಲಿ ಹೆಪ್ಪುಗಟ್ಟುತ್ತಿದೆ, ಇಲ್ಲವೇ ಬೆಲ್ಟಿನ ಪುಲ್ಲಿಗೆ ಕಂಪ್ರೆಸರನ್ನು ಜೋಡಿಸುವ ಕ್ಲಚ್ ಬಿಸಿಯಾದಾಗ ಬಿಟ್ಟುಕೊಡುತ್ತಿದೆ. ಮೊದಲಿನಿಂದಲೂ ತಂಪೇ ಇಲ್ಲವೆಂದರೆ ಕ್ಲಚ್ ಕೂರುತ್ತಿದೆಯೇ ಎಂಬಲ್ಲಿಂದ ಶುರು ಮಾಡಬೇಕು.

ಮೊದಲ ಕೆಲಸ ಕಂಡೆನ್ಸರ್

ಇದಕ್ಕೆ ಒತ್ತಡ ಅಳೆಯುವ ಗೇಜ್ ಬೇಡ, ಗ್ಯಾಸ್ ಬೇಡ, ಖರ್ಚೂ ಇಲ್ಲ. ಆದರೂ ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದೇ.

ಗ್ರಿಲ್ ಕಡೆಯಿಂದ ನೋಡಿದರೆ ಕಂಡೆನ್ಸರ್ ಸ್ವಚ್ಛವಾಗಿಯೇ ಕಾಣುತ್ತದೆ. ಕಸ ಕೂರುವುದು ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಬೆರಳಗಲದ ಸಂದಿನಲ್ಲಿ. ರೇಡಿಯೇಟರಿನ ಮೇಲಿನ ಎರಡು ಬೋಲ್ಟ್ ಬಿಚ್ಚಿ, ಅದನ್ನು ಎಂಜಿನ್ ಕಡೆಗೆ ಸ್ವಲ್ಪ ವಾಲಿಸಿ, ಟಾರ್ಚ್ ಬಿಟ್ಟು ನೋಡಿ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಡೆ ರೈಸ್ ಮಿಲ್ ರಸ್ತೆಗಳಲ್ಲಿ ಓಡಾಡುವ ಗಾಡಿಯಲ್ಲಿ ಭತ್ತದ ಹೊಟ್ಟು, ತೌಡಿನ ಪುಡಿ ಮತ್ತು ಎಣ್ಣೆಯ ಜಿಡ್ಡು ಬೆರೆತು ಕಂಬಳಿಯ ತುಂಡಿನ ಹಾಗೆ ಒಂದು ಪದರ ಕೂತಿರುತ್ತದೆ. ಉಗುರಿನಿಂದ ಎತ್ತಿದರೆ ಅಂಗೈಯಗಲದ ಹಾಳೆಯಾಗಿ ಎದ್ದು ಬರುತ್ತದೆ, ಅದರ ಒಂದು ಮಗ್ಗುಲಲ್ಲಿ ರೇಡಿಯೇಟರ್ ಫಿನ್‌ಗಳ ಗೆರೆ ಅಚ್ಚೊತ್ತಿರುತ್ತದೆ. ರಾಯಚೂರಿನ ಜಿನ್ನಿಂಗ್ ಮಿಲ್ ಆಸುಪಾಸಿನ ಗಾಡಿಗಳಲ್ಲಿ ಹತ್ತಿಯ ಎಳೆ, ಶಕ್ತಿನಗರ ಮತ್ತು ಕುಡತಿನಿ ಕಡೆ ವಿದ್ಯುತ್ ಸ್ಥಾವರಗಳ ಹಾರುಬೂದಿ. ಸಂಡೂರು, ತೋರಣಗಲ್ಲಿನ ಅದಿರು ಲಾರಿಗಳ ದಾರಿಯಲ್ಲಿ ಓಡುವ ಗಾಡಿಗಾದರೆ ಕೆಂಪು ಧೂಳು.

ಈ ಕೆಂಪು ಧೂಳಿನ ವಿಷಯದಲ್ಲಿ ಒಂದು ಎಚ್ಚರ ಬೇಕೇಬೇಕು: ಒಣಗಿದ್ದಾಗ ನೀರು ಹಾಕಬೇಡಿ. ಅದಿರಿನ ಪುಡಿ ಸಣ್ಣದು, ತೂಕವುಳ್ಳದ್ದು. ನೀರು ಬಿದ್ದ ಕೂಡಲೇ ಕೆಸರಾಗಿ ಫಿನ್‌ಗಳ ನಡುವೆ ಇಳಿದು, ಒಣಗಿದ ಮೇಲೆ ಗಾರೆಯಂತೆ ಗಟ್ಟಿಯಾಗುತ್ತದೆ. ಮೊದಲು ಮೆತ್ತನೆಯ ಬ್ರಷ್‌ನಿಂದ ಫಿನ್‌ಗಳ ಉದ್ದಕ್ಕೆ, ಎಂದೂ ಅಡ್ಡಕ್ಕಲ್ಲ, ಉಜ್ಜಿ. ನಂತರ ಎಂಜಿನ್ ಕಡೆಯಿಂದ ಗ್ರಿಲ್ ಕಡೆಗೆ, ಅಂದರೆ ಗಾಳಿ ಬರುವ ದಿಕ್ಕಿಗೆ ಎದುರಾಗಿ, ಕಂಪ್ರೆಸ್ಡ್ ಏರ್ ಹಿಡಿಯಿರಿ. ಧೂಳು ಬರುವುದು ನಿಂತ ಮೇಲೆಯೇ ನೀರು, ಅದೂ ತೋಟಕ್ಕೆ ಬಿಡುವ ಪೈಪಿನ ರಭಸ ಸಾಕು. ವಾಟರ್ ಸರ್ವಿಸ್ ಗನ್ನನ್ನು ನೇರವಾಗಿ ಹಿಡಿದರೆ ಫಿನ್‌ಗಳೆಲ್ಲ ಮಲಗಿಬಿಡುತ್ತವೆ. ಜಿಡ್ಡಿದ್ದರೆ ಕಾರ್ ಶಾಂಪೂ ಬೆರೆಸಿದ ನೀರು ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಆಸಿಡ್, ಕಾಸ್ಟಿಕ್ ಸೋಡಾ ಹತ್ತಿರ ತರಬೇಡಿ, ಅಲ್ಯುಮಿನಿಯಂ ತಿಂದುಹಾಕುತ್ತವೆ.

ಈಗ ಫ್ಯಾನ್. ಎಸಿ ಹಾಕಿ, ಗ್ರಿಲ್ ಮುಂದೆ ಒಂದು ಪೇಪರ್ ಹಾಳೆ ಹಿಡಿದರೆ ಅದು ಒಳಕ್ಕೆ ಎಳೆದುಕೊಂಡು ಅಂಟಿಕೊಳ್ಳಬೇಕು. ಅಂಟದೆ ಹೊರಕ್ಕೆ ತಳ್ಳಿದರೆ ಫ್ಯಾನ್ ಉಲ್ಟಾ ತಿರುಗುತ್ತಿದೆ. ಮೋಟಾರ್ ರಿಪೇರಿಯಾದ ಗಾಡಿಗಳಲ್ಲಿ ಪ್ಲಸ್–ಮೈನಸ್ ಅದಲುಬದಲಾಗಿ ಹೀಗೆ ಆಗುವುದುಂಟು. ಹಳೇ ಫ್ಯಾನ್ ಮೋಟಾರಿನ ಕಾರ್ಬನ್ ಬ್ರಷ್ ಸವೆದಿದ್ದರೆ ತಣ್ಣಗಿದ್ದಾಗ ತಿರುಗಿ, ಬಿಸಿಯಾದಾಗ ಬಳಲುತ್ತದೆ, ಆದ್ದರಿಂದ ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ. ಸುಮೋ, ಕ್ವಾಲಿಸ್, ಬೊಲೆರೊ ತರಹದ ಡೀಸೆಲ್ ಗಾಡಿಗಳಲ್ಲಿ ಬೆಲ್ಟಿನ ವಿಸ್ಕಸ್ ಫ್ಯಾನ್ ಇದ್ದರೆ, ಎಂಜಿನ್ ಚೆನ್ನಾಗಿ ಕಾದ ಮೇಲೆ ಬಂದ್ ಮಾಡಿ, ಕೀ ತೆಗೆದು, ಕೈಯಿಂದ ತಿರುಗಿಸಿ. ಬಿಗಿತ ಇರಬೇಕು. ಸರಾಗವಾಗಿ ಸುತ್ತುಹಾಕಿದರೆ ಹಬ್ಬಿನೊಳಗಿನ ಸಿಲಿಕಾನ್ ಆಯಿಲ್ ಸೋರಿಹೋಗಿದೆ.

ರೇಡಿಯೇಟರ್ ಕೆಲಸ ಮಾಡಿಸಿದ ಹಳೇ ಗಾಡಿಗಳಲ್ಲಿ ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಶ್ರೌಡ್ ಕಳೆದುಹೋಗಿರುತ್ತದೆ. ಕಂಡೆನ್ಸರ್ ಅಂಚಿನ ಫೋಮ್ ಪಟ್ಟಿ ಪುಡಿಯಾಗಿರುತ್ತದೆ. ಇವಿಲ್ಲದಿದ್ದರೆ ನಿಂತ ಗಾಡಿಯಲ್ಲಿ ಎಂಜಿನ್ನಿನ ಬಿಸಿಗಾಳಿಯೇ ಸುತ್ತಿ ಬಂದು ಮತ್ತೆ ಕಂಡೆನ್ಸರಿಗೆ ನುಗ್ಗುತ್ತದೆ. ಶ್ರೌಡ್ ಹುಡುಕಿ ಹಾಕಿ, ಅಂಚಿಗೆ ಹೊಸ ಫೋಮ್ ಅಂಟಿಸಿ. ನಲವತ್ತು ಡಿಗ್ರಿ ಮೀರಿದ ಬಿಸಿಲಲ್ಲಿ ಇದರ ಫಲ ಕೂಡಲೇ ತಿಳಿಯುತ್ತದೆ.

ಕ್ಯಾಬಿನ್ನಿನ ಒಳಗೆ

ಗ್ಯಾಸ್, ಕಂಪ್ರೆಸರ್ ಎರಡೂ ಸರಿಯಿದ್ದು ಗಾಳಿ ಉಗುರುಬೆಚ್ಚಗಿದ್ದರೆ ಹೀಟರ್ ನೋಡಿ. ಇಲ್ಲಿ ಯಾರೂ ಹೀಟರ್ ಹಾಕುವುದಿಲ್ಲವಾದ್ದರಿಂದ ಅದರ ನೆನಪೇ ಇರುವುದಿಲ್ಲ. ಹಳೇ ಗಾಡಿಗಳಲ್ಲಿ ಹೀಟರಿಗೆ ಹೋಗುವ ಬಿಸಿನೀರನ್ನು ಕೇಬಲ್ಲಿನ ಟ್ಯಾಪ್ ತಡೆಯುತ್ತದೆ. ಕೇಬಲ್ ಸಡಿಲವಾಗಿ ಟ್ಯಾಪ್ ಪೂರ್ತಿ ಮುಚ್ಚದಿದ್ದರೆ ಕೂಲಿಂಗ್ ಕಾಯಿಲ್ ತಂಪು ಮಾಡಿದ ಗಾಳಿಯನ್ನು ಹೀಟರ್ ಪುನಃ ಕಾಯಿಸುತ್ತದೆ. ಪರೀಕ್ಷೆ ಸುಲಭ: ಹೀಟರಿಗೆ ಹೋಗುವ ರಬ್ಬರ್ ಹೋಸನ್ನು ಹೋಸ್ ಕ್ಲಾಂಪಿನಿಂದ ಐದು ನಿಮಿಷ ಒತ್ತಿಹಿಡಿಯಿರಿ. ವೆಂಟಿನ ಗಾಳಿ ತಂಪಾದರೆ ಕಳ್ಳ ಸಿಕ್ಕ. ಇದು ಪರೀಕ್ಷೆಗಷ್ಟೇ. ಹೋಸನ್ನು ಶಾಶ್ವತವಾಗಿ ಮುಚ್ಚಬೇಡಿ, ಕೆಲವು ಎಂಜಿನ್ನುಗಳ ನೀರಿನ ಸಂಚಾರ ಅದರ ಮೂಲಕವೇ ಇರುತ್ತದೆ. ಕೇಬಲ್ ಅಥವಾ ಟ್ಯಾಪ್ ಸರಿಪಡಿಸಿ.

ಹೊರಗಾಳಿಯ ಬಾಗಿಲು, ಅಂದರೆ ರೀಸರ್ಕ್ಯುಲೇಷನ್ ಫ್ಲ್ಯಾಪ್, ಪೂರ್ತಿ ಮುಚ್ಚುತ್ತಿದೆಯೇ ಎಂದೂ ನೋಡಿ. ಹಳೇ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕ್ಯಾಬಿನ್ ಫಿಲ್ಟರ್ ಇಲ್ಲ. ಒಳಬಂದ ಧೂಳೆಲ್ಲ ಒದ್ದೆ ಕೂಲಿಂಗ್ ಕಾಯಿಲ್ ಮೇಲೆ ಅಂಟುತ್ತದೆ. ಬ್ಲೋವರ್ ನಾಲ್ಕರಲ್ಲಿದ್ದರೂ ಗಾಳಿ ಎರಡರಷ್ಟೇ ಬರುತ್ತಿದ್ದರೆ ಕಾಯಿಲ್ ಇಳಿಸಿ ತೊಳೆಯುವುದೊಂದೇ ದಾರಿ. ಐಸ್ ಕಟ್ಟುವ ದೂರಿಗೂ ಅರ್ಧ ಕಾರಣ ಇದೇ, ಉಳಿದರ್ಧ ಕಾಯಿಲ್‌ಗೆ ಚುಚ್ಚಿರುವ ಥರ್ಮೋಸ್ಟಾಟ್. ಕಾಯಿಲ್ ಸುಮಾರು 1ರಿಂದ 3 ಡಿಗ್ರಿಗೆ ಇಳಿದಾಗ ಅದು ಕಂಪ್ರೆಸರನ್ನು ನಿಲ್ಲಿಸಬೇಕು. ಹಿಂದಿನ ರಿಪೇರಿಯಲ್ಲಿ ಅದರ ತುದಿ ಜಾಗ ತಪ್ಪಿದ್ದರೆ ನಿಲ್ಲಿಸುವುದಿಲ್ಲ.

ಕ್ಲಚ್ ಕೂರದಿದ್ದರೆ

ಫ್ಯೂಸ್, ರಿಲೇ ನೋಡಿದ ಮೇಲೆ, ಎಸಿ ಹಾಕಿ ಕ್ಲಚ್ಚಿನ ವೈರಿನಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಗಿಂತ ಅರ್ಧ ವೋಲ್ಟಿಗಿಂತ ಹೆಚ್ಚು ಕಡಿಮೆಯಿದ್ದರೆ ರಿಲೇ ಪಾಯಿಂಟ್ ಅಥವಾ ಕನೆಕ್ಟರ್ ಸುಟ್ಟಿದೆ. ವೋಲ್ಟೇಜ್ ಸರಿಯಿದ್ದೂ ಕೂರದಿದ್ದರೆ ವೈರ್ ಬಿಚ್ಚಿ ಕ್ಲಚ್ಚಿನೊಳಗಿನ ಕಾಯಿಲಿನ ಓಮ್ ನೋಡಿ, 3ರಿಂದ 4ರ ಆಸುಪಾಸು ಇರಬೇಕು. ಕಾಯಿಲ್ ಸರಿಯಿದ್ದರೆ ಫೀಲರ್ ಗೇಜಿನಿಂದ ಕ್ಲಚ್ ಪ್ಲೇಟು ಮತ್ತು ಪುಲ್ಲಿ ನಡುವಿನ ಸಂದು ಅಳೆಯಿರಿ. ಸಾಮಾನ್ಯವಾಗಿ 0.3ರಿಂದ 0.6 ಮಿಮೀ. ಪ್ಲೇಟು ಸವೆದು ಸಂದು 0.8, 0.9 ಆದಾಗ ಎಂಜಿನ್ ತಣ್ಣಗಿರುವವರೆಗೆ ಕ್ಲಚ್ ಎಳೆಯುತ್ತದೆ; ಕಾಯಿಲ್ ಕಾದು ಅದರ ಓಮ್ ಏರಿದ ಮೇಲೆ ಎಳೆತ ಸಾಲದೆ ಕೈಬಿಡುತ್ತದೆ. ಗಂಟೆಗೊಮ್ಮೆ ತಂಪು ಹೋಗುವ ಗಾಡಿಗಳಲ್ಲಿ ಇದು ತೀರಾ ಸಾಮಾನ್ಯ. ಪ್ಲೇಟಿನ ಹಿಂದಿನ ತೆಳು ಶಿಮ್ ವಾಷರ್ ಒಂದನ್ನು ತೆಗೆದರೆ ಸರಿಹೋಗುತ್ತದೆ. ಇದಕ್ಕೆ ಕಂಪ್ರೆಸರ್ ಬದಲಿಸುವ ಅಗತ್ಯವಿಲ್ಲ.

ವೋಲ್ಟೇಜೇ ಬರದಿದ್ದರೆ ಪ್ರೆಶರ್ ಸ್ವಿಚ್ ತಡೆದಿರಬಹುದು. ಒತ್ತಡ 30 ಪಿಎಸ್‌ಐ ಆಸುಪಾಸಿಗಿಂತ ಕೆಳಗಿಳಿದರೆ ಅದು ಕಂಪ್ರೆಸರ್ ಓಡಲು ಬಿಡುವುದಿಲ್ಲ. ವೈರ್ ಜೋಡಿಸಿ ಆ ಸ್ವಿಚ್ಚನ್ನು ಬೈಪಾಸ್ ಮಾಡಿ ಗಾಡಿ ಕಳಿಸುವ ಅಭ್ಯಾಸ ದಯವಿಟ್ಟು ಬಿಡಿ. ಕಂಪ್ರೆಸರಿಗೆ ಆಯಿಲ್ ತಲುಪುವುದು ಗ್ಯಾಸಿನ ಜೊತೆಗೇ. ಗ್ಯಾಸಿಲ್ಲದೆ ಓಡಿದ ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತದೆ.

ಗೇಜ್ ಹಾಕಿದ ಮೇಲೆ

ಕನ್ನಡಕ, ಕೈಗವಸು ಹಾಕಿಕೊಳ್ಳಿ. ಎಸಿ ಗ್ಯಾಸಾದ ಆರ್-134ಎ ಕುದಿಯುವುದು ಮೈನಸ್ 26 ಡಿಗ್ರಿಗೆ, ಕಣ್ಣಿಗೆ ಹಾರಿದರೆ ಅಲ್ಲೇ ಹೆಪ್ಪುಗಟ್ಟಿಸುತ್ತದೆ. ಗಾಳಿಗಿಂತ ಭಾರವಾದ್ದರಿಂದ ಸರ್ವಿಸ್ ಗುಂಡಿಯೊಳಗೆ ತುಂಬಿಕೊಳ್ಳುತ್ತದೆ. ಬೆಂಕಿ ತಾಗಿದರೆ ವಿಷವಾಗುತ್ತದೆ, ಬೀಡಿ–ಸಿಗರೇಟು ದೂರವಿರಲಿ.

ಮೊದಲ ಓದು ಎಂಜಿನ್ ಬಂದ್ ಇರುವಾಗ, ಗಾಡಿ ನಾಲ್ಕಾರು ಗಂಟೆ ನೆರಳಲ್ಲಿ ನಿಂತ ಮೇಲೆ. ಎರಡೂ ಮುಳ್ಳು ಒಂದೇ ಕಡೆ ನಿಲ್ಲುತ್ತವೆ. ಶುದ್ಧ ಆರ್-134ಎ ಆದರೆ 25 ಡಿಗ್ರಿಗೆ ಸುಮಾರು 82 ಪಿಎಸ್‌ಐ, 30ಕ್ಕೆ 97, 35ಕ್ಕೆ 114, 40ಕ್ಕೆ 133. ಈ ಲೆಕ್ಕವನ್ನು ಅಂಗಡಿಯ ಗೋಡೆಗೆ ಬರೆದಿಡುವುದು ಒಳ್ಳೆಯದು. ಓದು ಇದಕ್ಕಿಂತ ಬಹಳ ಕಡಿಮೆಯಿದ್ದರೆ ಗ್ಯಾಸ್ ಬಹುತೇಕ ಖಾಲಿ. ಹತ್ತು–ಹದಿನೈದು ಪಿಎಸ್‌ಐ ಹೆಚ್ಚಿದ್ದರೆ ಒಳಗೆ ಗಾಳಿ ಸೇರಿದೆ ಅಥವಾ ಬೇರೆ ಗ್ಯಾಸ್ ಬೆರೆತಿದೆ. ಅಗ್ಗದ ಡಬ್ಬಿಗಳಲ್ಲಿ ಎಲ್‌ಪಿಜಿ ಜಾತಿಯ ಮಿಶ್ರಣ ಬರುವುದುಂಟು. ಅದು ತಂಪೂ ಮಾಡುತ್ತದೆ, ಹತ್ತಿಕೊಳ್ಳುತ್ತದೆ ಕೂಡ. ಹಾಗೆ ಅನುಮಾನ ಬಂದರೆ ಸ್ವಲ್ಪ ಬಿಟ್ಟು ಸ್ವಲ್ಪ ಹಾಕುವುದರಿಂದ ಪ್ರಯೋಜನವಿಲ್ಲ. ಪೂರ್ತಿ ರಿಕವರಿ ಯಂತ್ರಕ್ಕೆ ತೆಗೆದು ಹೊಸದಾಗಿ ತುಂಬಬೇಕು.

ಆದರೆ ಓದು ಸರಿಯಾಗಿ ಬಂದ ಮಾತ್ರಕ್ಕೆ ಗ್ಯಾಸ್ ಪೂರ್ತಿಯಿದೆ ಎನ್ನಬೇಡಿ. ಒಳಗೆ ದ್ರವರೂಪದ ಗ್ಯಾಸ್ ಒಂದಿಷ್ಟು ಉಳಿದಿದ್ದರೂ ನಿಂತ ಗಾಡಿಯ ಒತ್ತಡ ಅಷ್ಟೇ ತೋರುತ್ತದೆ. ಎಷ್ಟಿದೆ ಎಂದು ತಿಳಿಯಲು ಓಡಿಸಿ ನೋಡಬೇಕು.

ಎರಡನೇ ಓದಿಗೆ ಬಾಗಿಲುಗಳನ್ನು ತೆರೆದಿಟ್ಟು, ಬ್ಲೋವರ್ ಪೂರ್ತಿ, ಎಂಜಿನ್ 1500ರಿಂದ 2000 ಆರ್‌ಪಿಎಂ, ಹತ್ತು ನಿಮಿಷ ಓಡಿಸಿ. ಹೊರಗೆ 40 ಡಿಗ್ರಿ ಇದ್ದಾಗ ಲೋ ಸೈಡ್ (ಕಂಪ್ರೆಸರಿಗೆ ಬರುವ ಪೈಪು) 35ರಿಂದ 50, ಹೈ ಸೈಡ್ (ಕಂಪ್ರೆಸರಿನಿಂದ ಹೊರಡುವ ಪೈಪು) 230ರಿಂದ 300ರ ಒಳಗಿದ್ದರೆ ಒಪ್ಪಬಹುದು. ತಂಪು ದೇಶಗಳ ಚಾರ್ಟಿನಲ್ಲಿ ಹೈ ಸೈಡ್ 200 ಇರಬೇಕೆಂದು ಬರೆದಿರುವುದನ್ನು ರಾಯಚೂರಿನ ಮೇ ತಿಂಗಳಿಗೆ ಹಚ್ಚಲಾಗದು.

ಎರಡೂ ಕಡಿಮೆಯಿದ್ದರೆ ಗ್ಯಾಸ್ ಕಡಿಮೆ, ಸೋರಿಕೆ ಹುಡುಕಿ. ಎರಡೂ ಹೆಚ್ಚಿದ್ದರೆ ಒಂದು ಬಕೆಟ್ ನೀರು ತಂದು ಮಗ್ಗಿನಿಂದ ಕಂಡೆನ್ಸರ್ ಮೇಲೆ ಸುರಿಯಿರಿ. ಹೈ ಸೈಡ್ 340ರಿಂದ 250ಕ್ಕೆ ಧಡಕ್ಕನೆ ಇಳಿದು ವೆಂಟ್ ತಂಪಾದರೆ ಧೂಳು ಅಥವಾ ಫ್ಯಾನಿನ ದೋಷ. ನೀರು ಹಾಕಿದರೂ ಹೆಚ್ಚೇ ಉಳಿದರೆ ಗ್ಯಾಸ್ ಅತಿಯಾಗಿದೆ ಅಥವಾ ಗಾಳಿ ಸೇರಿದೆ. ಲೋ ಸೈಡ್ ಹೆಚ್ಚಿದ್ದು ಕಂಪ್ರೆಸರಿಗೆ ಬರುವ ದಪ್ಪ ಪೈಪು ಕಂಪ್ರೆಸರಿನವರೆಗೂ ಹಿಮ ಹಿಡಿದಿದ್ದರೆ ಎಕ್ಸ್‌ಪ್ಯಾನ್ಷನ್ ವಾಲ್ವ್ ತೆರೆದೇ ಉಳಿದಿದೆ. ಲೋ ಸೈಡ್ ವ್ಯಾಕ್ಯೂಮ್ ಕಡೆಗೆ ಹೋಗುತ್ತಿದ್ದರೆ ಎಲ್ಲೋ ಕಟ್ಟಿಕೊಂಡಿದೆ: ವಾಲ್ವಿನ ಬಾಯಲ್ಲೋ, ಗ್ಯಾಸಿನ ತೇವ ಹೀರುವ ಡ್ರೈಯರಿನಲ್ಲೋ. ಡ್ರೈಯರಿನ ಒಂದು ಪೈಪು ಬೆಚ್ಚಗೆ, ಇನ್ನೊಂದು ತಣ್ಣಗಿದ್ದರೆ ಕಟ್ಟಿರುವುದು ಡ್ರೈಯರೇ, ಎರಡೂ ಒಂದೇ ಬಿಸಿ ಇರಬೇಕು. ಇನ್ನು ಲೋ ಸೈಡ್ ಹೆಚ್ಚು, ಹೈ ಸೈಡ್ ಕಡಿಮೆ, ಎಂಜಿನ್ ರೇಸ್ ಮಾಡಿದರೂ ಎರಡು ಮುಳ್ಳುಗಳ ಅಂತರ ಬೆಳೆಯುತ್ತಿಲ್ಲ ಎಂದಾಗ ಮಾತ್ರ ಕಂಪ್ರೆಸರ್ ಸವೆದಿದೆ ಎಂದು ಹೇಳಿ.

ಸೈಟ್ ಗ್ಲಾಸಿನಲ್ಲಿ (ಒಳಗಿನ ಗ್ಯಾಸ್ ಕಾಣುವ ಸಣ್ಣ ಗಾಜಿನಲ್ಲಿ) ಗುಳ್ಳೆ ಹೋಗುವವರೆಗೆ ತುಂಬುವ ಪದ್ಧತಿ ಹಳೇ ಆರ್-12 ಗ್ಯಾಸಿನ ಕಾಲದ್ದು. ಆರ್-134ಎಯಲ್ಲಿ ಸರಿಯಾದ ಅಳತೆಯಲ್ಲೂ ಗುಳ್ಳೆ ಕಾಣಬಹುದು, ಅದನ್ನು ನಂಬಿ ತುಂಬಿದರೆ ಅತಿಯಾಗುತ್ತದೆ.

ಸೋರಿಕೆ

ಕಣ್ಣಿಂದಲೇ ಅರ್ಧ ಸಿಗುತ್ತದೆ. ಗ್ಯಾಸ್ ಸೋರುವಲ್ಲಿ ಆಯಿಲ್ ಕೂಡ ಹೊರಬಂದು ಧೂಳು ಅಂಟಿಸಿಕೊಳ್ಳುತ್ತದೆ. ಸಂಡೂರಿನ ಕಡೆಯ ಗಾಡಿಯಲ್ಲಿ ಪೈಪಿನ ಉಳಿದ ಭಾಗವೆಲ್ಲ ತಿಳಿ ಕೆಂಪಾಗಿ ಒಣಗಿದ್ದರೆ, ಸೋರುವ ಜಾಯಿಂಟ್ ಸುತ್ತ ಕುಂಕುಮಕ್ಕೆ ಎಣ್ಣೆ ಕಲಸಿದ ಹಾಗೆ ಕಪ್ಪುಗೆಂಪಿನ ಒದ್ದೆ ಉಂಗುರ ಕಾಣುತ್ತದೆ. ಬೆರಳಿಗೆ ಜಿಡ್ಡು ಹತ್ತುತ್ತದೆ. ನೋಡಬೇಕಾದ ಜಾಗಗಳು: ಕಂಪ್ರೆಸರ್ ಕ್ಲಚ್ಚಿನ ಹಿಂದೆ ಶಾಫ್ಟ್ ಸೀಲು, ಕ್ರಿಂಪ್ ಮಾಡಿದ ಹೋಸಿನ ತುದಿ, ಕಲ್ಲು ಬಿದ್ದ ಕಂಡೆನ್ಸರ್ ಕೆಳಭಾಗ, ಗ್ಯಾಸ್ ತುಂಬುವ ಚಾರ್ಜಿಂಗ್ ಪಿನ್ನು. ಈ ಪಿನ್ನಿನ ಮೇಲೆ ಒಂದು ಹನಿ ಶಾಂಪೂ ನೀರು ಬಿಟ್ಟು ನೋಡದೆ ಬೇರೆ ಎಲ್ಲವನ್ನೂ ಬಿಚ್ಚಿದರೆ ಆ ಶ್ರಮವೆಲ್ಲ ದಂಡ. ಕೂಲಿಂಗ್ ಕಾಯಿಲ್ ಸೋರುತ್ತಿದ್ದರೆ ಹೊರಗೆ ಕಾಣದು. ಎಸಿ ನೀರು ಹೊರಹೋಗುವ ಪೈಪಿನ ತುದಿಯಲ್ಲಿ ಆಯಿಲ್ ಜಿಡ್ಡು ಇದೆಯೇ ನೋಡಿ, ಅಥವಾ ಅಲ್ಲಿಗೆ ಡಿಟೆಕ್ಟರ್ ಹಿಡಿಯಿರಿ.

ಕಣ್ಣಿಗೆ ಸಿಗದಿದ್ದರೆ ಉಳಿದ ಗ್ಯಾಸ್ ತೆಗೆದು, ರೆಗ್ಯುಲೇಟರ್ ಹಾಕಿದ ಒಣ ನೈಟ್ರೋಜನ್‌ನಿಂದ 150 ಪಿಎಸ್‌ಐ ತುಂಬಿ ಶಾಂಪೂ ನೀರು ಹಚ್ಚಿ. ಆಕ್ಸಿಜನ್ ಎಂದಿಗೂ ಬೇಡ, ಆಯಿಲ್ ಜೊತೆ ಸ್ಫೋಟಿಸುತ್ತದೆ. ಟೈರಿನ ಗಾಳಿಯೂ ಬೇಡ, ಅದರಲ್ಲಿ ನೀರಿನಂಶವಿದೆ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡುವುದಾದರೆ ಒಂದು ಲೆಕ್ಕ ನೆನಪಿಡಿ: ಮಧ್ಯಾಹ್ನ 40 ಡಿಗ್ರಿಯಲ್ಲಿ 150 ಇದ್ದದ್ದು ನಸುಕಿನ 28 ಡಿಗ್ರಿಗೆ ಸೋರದೆಯೇ 144ರ ಹತ್ತಿರ ಬರುತ್ತದೆ. ಅದಕ್ಕಿಂತ ಕೆಳಗಿಳಿದರೆ ಮಾತ್ರ ಹುಡುಕಿ.

ಬಿಚ್ಚಿದ ಜಾಯಿಂಟಿಗೆಲ್ಲ ಹೊಸ ಓ-ರಿಂಗ್, ಆರ್-134ಎಗೆ ಹೊಂದುವ ಹಸಿರು ಬಣ್ಣದ್ದು, ಎಸಿ ಆಯಿಲ್‌ನಲ್ಲಿ ಅದ್ದಿ ಹಾಕಿ. ಕಂಪ್ರೆಸರ್ ಹಿಡಿದುಕೊಂಡು ಪೈಪಿನಲ್ಲಿ ಕಪ್ಪು ಲೋಹದ ಪುಡಿ ಬಂದಿದ್ದರೆ ಕಂಪ್ರೆಸರ್ ಒಂದನ್ನೇ ಬದಲಿಸಿ ಗಾಡಿ ಕೊಡಬೇಡಿ. ಹೋಸು, ಕಾಯಿಲ್ ಫ್ಲಶ್ ಮಾಡಿ, ಡ್ರೈಯರ್ ಮತ್ತು ವಾಲ್ವ್ ಹೊಸದು ಹಾಕಿ. ಸಣ್ಣ ರಂಧ್ರಗಳ ಪ್ಯಾರಲಲ್ ಫ್ಲೋ ಕಂಡೆನ್ಸರ್ ಫ್ಲಶ್‌ಗೆ ಶುದ್ಧವಾಗುವುದಿಲ್ಲ, ಅದನ್ನೂ ಬದಲಿಸಬೇಕು. ಖರ್ಚು ಹೆಚ್ಚು ಎನಿಸುತ್ತದೆ, ಆದರೆ ಉಳಿದ ಪುಡಿ ಹೊಸ ಕಂಪ್ರೆಸರನ್ನೂ ತಿನ್ನುತ್ತದೆ.

ವ್ಯಾಕ್ಯೂಮ್, ಆಯಿಲ್, ಗ್ಯಾಸ್

ಸಿಸ್ಟಮ್ ತೆರೆದಾಗಲೆಲ್ಲ ಡ್ರೈಯರ್ ಬದಲಿಸಿ. ಹೊಸ ಡ್ರೈಯರಿನ ಮುಚ್ಚಳವನ್ನು ವ್ಯಾಕ್ಯೂಮ್‌ಗೆ ಎಲ್ಲ ಸಿದ್ಧವಾದ ಮೇಲೆಯೇ ತೆಗೆಯಿರಿ, ಅದು ಗಾಳಿಯ ತೇವವನ್ನೇ ಹೀರಿ ತುಂಬಿಕೊಳ್ಳುತ್ತದೆ.

ಪೈಪಿನೊಳಗಿನ ಗಾಳಿ, ತೇವ ಹೊರಗೆಳೆಯುವ ವ್ಯಾಕ್ಯೂಮ್ ಪಂಪನ್ನು ಕನಿಷ್ಠ 45 ನಿಮಿಷ ಓಡಿಸಿ, ಜೂನ್ ಮಳೆ ಶುರುವಾದ ಮೇಲೆ ಒಂದು ಗಂಟೆ. ಪುಸ್ತಕದಲ್ಲಿ 29.9 ಇಂಚು ವ್ಯಾಕ್ಯೂಮ್ ಎಂದಿರುತ್ತದೆ, ಅದು ಸಮುದ್ರಮಟ್ಟದ ಲೆಕ್ಕ. ಬಳ್ಳಾರಿ ಸುಮಾರು 485 ಮೀಟರ್ ಎತ್ತರದಲ್ಲಿದೆ, ಇಲ್ಲಿ ಮುಳ್ಳು 28 ದಾಟಿ ಒಂದಿಷ್ಟೇ ಹೋಗುತ್ತದೆ. ರಾಯಚೂರಿನಲ್ಲಿ 28.5ರ ಆಸುಪಾಸು, ಕೊಪ್ಪಳದಲ್ಲಿ 28ರ ಹತ್ತಿರ. ಅದನ್ನು ನೋಡಿ ಪಂಪ್ ಕೆಟ್ಟಿದೆಯೆಂದೋ ಸೋರಿಕೆಯೆಂದೋ ಭಾವಿಸಬೇಡಿ. ಹಳೇ ಫ್ರಿಜ್ ಕಂಪ್ರೆಸರನ್ನು ಪಂಪಾಗಿ ಬಳಸುವುದು ಮಾತ್ರ ಸಾಲದು, ಪೈಪಿನೊಳಗಿನ ನೀರು ಆವಿಯಾಗುವಷ್ಟು ಆಳದ ವ್ಯಾಕ್ಯೂಮ್ ಅದರಿಂದ ನಂಬಿಕೆಯಾಗಿ ಬರುವುದಿಲ್ಲ. ಪಂಪ್ ನಿಲ್ಲಿಸಿ 20 ನಿಮಿಷ ಮುಳ್ಳು ಅಲುಗದಿದ್ದರೆ ಮುಂದುವರಿಯಿರಿ.

ಆಯಿಲ್ ಕಂಪ್ರೆಸರ್ ಮೇಲಿನ ಚೀಟಿಯಲ್ಲಿ ಹೇಳಿದ್ದೇ ಆಗಬೇಕು, ಪ್ಯಾಗ್ (ಎಸಿಯ ಸಿಂಥೆಟಿಕ್ ಆಯಿಲ್) 46 ಅಥವಾ 100. ಡಬ್ಬಿ ತೆರೆದ ಮೇಲೆ ಉಳಿದದ್ದು ತೇವ ಹೀರುತ್ತದೆ, ಮುಂದಿನ ತಿಂಗಳಿಗೆ ಇಡಬೇಡಿ. ಕಂಡೆನ್ಸರ್ ಬದಲಿಸಿದ್ದರೆ ಸುಮಾರು 30 ಮಿಲಿ, ಕೂಲಿಂಗ್ ಕಾಯಿಲ್‌ಗೆ 40ರಿಂದ 50, ಡ್ರೈಯರಿಗೆ 10ರಿಂದ 20 ಸೇರಿಸಿ. ಹೊಸ ಕಂಪ್ರೆಸರ್ ಆಯಿಲ್ ತುಂಬಿಕೊಂಡೇ ಬಂದಿರುತ್ತದೆ. ಹಳೆಯದರಿಂದ ಎಷ್ಟು ಬಂತೋ ಅಳೆದು ಅದಕ್ಕೆ ಸರಿಮಾಡಿ.

ತೊಂಬತ್ತರ ದಶಕದ, ಆರ್-12 ಹಾಕಿಕೊಂಡು ಬಂದ ಗಾಡಿಯಾದರೆ ಹಳೇ ಮಿನರಲ್ ಆಯಿಲ್ ಆರ್-134ಎ ಜೊತೆ ಬೆರೆಯುವುದಿಲ್ಲ, ಮೂಲೆಯಲ್ಲಿ ನಿಂತುಬಿಡುತ್ತದೆ. ಕಂಪ್ರೆಸರ್ ಬಿಚ್ಚಿ ಬಗ್ಗಿಸಿ ಹಳೆಯದನ್ನು ತೆಗೆದು, ಎಸ್ಟರ್ ಆಯಿಲ್ ಹಾಕಿ, ಡ್ರೈಯರ್ ಮತ್ತು ಎಲ್ಲ ಓ-ರಿಂಗ್ ಬದಲಿಸಿ, ಹಳೇ ಅಳತೆಯ ಶೇಕಡಾ 80ರಿಂದ 90ರಷ್ಟು ಮಾತ್ರ ಗ್ಯಾಸ್ ತುಂಬಿ.

ಗ್ಯಾಸನ್ನು ತೂಗಿಯೇ ಹಾಕಿ. ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಗ್ರಾಂ ಲೆಕ್ಕ ಇರುತ್ತದೆ. ಸಣ್ಣ ಕಾರುಗಳಿಗೆ ಅರ್ಧ ಕಿಲೋ ಆಸುಪಾಸು, ಹಿಂದಿನ ಸೀಟಿಗೂ ಕಾಯಿಲ್ ಇರುವ ಗಾಡಿಗೆ ಬಹಳ ಹೆಚ್ಚು. ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು, ಎಂಜಿನ್ ಓಡುತ್ತಿರುವಾಗ ಲೋ ಸೈಡಿನಿಂದ, ಡಬ್ಬಿ ನೆಟ್ಟಗಿಟ್ಟು, ಆವಿಯಾಗಿ ಮಾತ್ರ ಬಿಡಿ. ತಲೆಕೆಳಗು ಮಾಡಿದರೆ ದ್ರವ ನುಗ್ಗಿ ಕಂಪ್ರೆಸರಿನ ವಾಲ್ವ್ ಮುರಿಯುತ್ತದೆ. ಎಂಜಿನ್ ಓಡುವಾಗ ಹೈ ಸೈಡಿನ ಕೆಂಪು ನಾಬ್ ಮುಟ್ಟಬೇಡಿ, ಒತ್ತಡ ಡಬ್ಬಿಗೆ ವಾಪಸ್ ನುಗ್ಗಿ ಅದು ಸಿಡಿಯಬಹುದು.

ಕೊನೆಗೆ ಬಾಗಿಲು ಮುಚ್ಚಿ, ಹೊರಗಾಳಿ ಬಂದ್ ಮಾಡಿ, ನಡುವಿನ ವೆಂಟಿಗೆ ಥರ್ಮಾಮೀಟರ್ ಸಿಕ್ಕಿಸಿ ಇಪ್ಪತ್ತು ನಿಮಿಷ ಓಡಿಸಿ. ಹೊರಗೆ 40 ಡಿಗ್ರಿ ಇರುವಾಗ ವೆಂಟಿನಲ್ಲಿ 10ರಿಂದ 14 ಬಂದರೆ ಹಳೇ ಗಾಡಿಗೆ ಅದು ಒಳ್ಳೆಯ ಓದು. ಚಾರ್ಜಿಂಗ್ ಪಿನ್ನುಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ತಾರೀಖು, ಗ್ಯಾಸಿನ ಗ್ರಾಂ, ಆಯಿಲಿನ ಹೆಸರು ಬರೆದ ಚೀಟಿಯನ್ನು ಬಾನೆಟ್ ಕೆಳಗೆ ಅಂಟಿಸಿ.